ಡಬ್ಬಿಯ ಹಿಂಬದಿ ಓದಿಸಿದವರು

ಕಪ್ಪುಹಲಗೆಯ ಮೇಲೆ ಬರೆಯುವಾಗ ಅವರ ಬಲಗೈಯಲ್ಲಿ ಸೀಮೆಸುಣ್ಣ ಎಲ್ಲಿ ಮುಗಿಯುತ್ತದೆ, ಬೆರಳು ಎಲ್ಲಿ ಶುರುವಾಗುತ್ತದೆ ಎಂದು ಹಿಂದಿನ ಬೆಂಚಿನವರಿಗೆ ತಿಳಿಯುತ್ತಿರಲಿಲ್ಲ. ಬೆರಳ ತುದಿಗಳು ಪೂರ್ತಿ ಬೆಳ್ಳಗೆ. ಗೆಣ್ಣುಗಳ ಹತ್ತಿರ ಮೈಬಣ್ಣ ಸಣ್ಣ ಸಣ್ಣ ದ್ವೀಪಗಳಾಗಿ ಉಳಿದುಕೊಂಡಿತ್ತು. ಮಣಿಕಟ್ಟಿನ ಮೇಲೆ ಮತ್ತೆ ಬಿಳಿ. ಮುಖದಲ್ಲಿ ಎರಡೂ ಕಣ್ಣಿನ ಸುತ್ತ ಒಂದೊಂದು ಬಿಳಿ ಉಂಗುರ, ಬಾಯಿಯ ಎಡ ಮೂಲೆಯಲ್ಲಿ ಎಲೆಯಷ್ಟು ಅಗಲದ ಇನ್ನೊಂದು. ನಕ್ಕರೆ ಆ ಎಲೆ ಕೆನ್ನೆಯ ಕಡೆಗೆ ಸ್ವಲ್ಪ ಸರಿದ ಹಾಗೆ ಕಾಣುತ್ತಿತ್ತು.

ಮೊದಲ ದಿನ ತರಗತಿಗೆ ಬಂದವರು ಹಾಜರಿ ಕರೆಯುವ ಮುಂಚೆಯೇ ಎರಡೂ ಕೈ ಎತ್ತಿ ನಮ್ಮ ಕಡೆ ಹಿಡಿದರು.

“ಇದಕ್ಕೆ ತೊನ್ನು ಅಂತಾರೆ. ಅಂಟೋದಿಲ್ಲ. ಅಂಟೋ ಹಂಗಿದ್ದಿದ್ರೆ ನಮ್ಮ ಹೆಡ್‌ಮಾಸ್ಟರಿಗೆ ಯಾವತ್ತೋ ಅಂಟಿರೋದು, ದಿನಾ ನನ್ನ ಸೀಮೆಸುಣ್ಣ ಎತ್ಕೊಂಡು ಹೋಗ್ತಾರೆ. ಈಗ ಎಲ್ಲರೂ ಒಂದ್ಸಲ ಚೆನ್ನಾಗಿ ನೋಡ್ಬಿಡಿ. ನೋಡಿದ್ದಾಯ್ತಾ? ಪುಸ್ತಕ ತೆಗೀರಿ.”

ನಾವು ನಕ್ಕೆವು. ಆಮೇಲೆ ಯಾರೂ ಕದ್ದು ನೋಡಲಿಲ್ಲ. ಕದ್ದು ನೋಡುವ ಅಗತ್ಯವನ್ನೇ ಅವರು ತೆಗೆದುಹಾಕಿದ್ದರು.

ನಮ್ಮದು ರಾಯದುರ್ಗದ ಕನ್ನಡ ಮಾಧ್ಯಮದ ಹೈಸ್ಕೂಲು, ಅವರು ವಿಜ್ಞಾನದ ಟೀಚರ್. ತವರು ಮಡಕಶಿರದ ಆಚೆ, ಅಮರಾಪುರದ ಕಡೆ. ಮದುವೆಯಾಗಿ ನಮ್ಮ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿದ್ದರೂ ಅವರ ಮಾತು ಇತ್ತ ಕಡೆಗೆ ತಿರುಗಿರಲಿಲ್ಲ. ನಾವು ‘ಯಾಕ’ ಎಂದರೆ ಅವರು ‘ಯಾಕೆ’. ಹುಡುಗಿಯರನ್ನೆಲ್ಲ ‘ಅಮ್ಮಿ’ ಎನ್ನುತ್ತಿದ್ದರು. ಚರ್ಚಾಸ್ಪರ್ಧೆಗೆ ತಯಾರು ಮಾಡುವ ಕೆಲಸವೂ ಅವರದೇ, ಏಕೆಂದರೆ ಉಳಿದ ಮೇಷ್ಟರುಗಳಿಗೆ ಮಕ್ಕಳು ಎದುರು ಮಾತಾಡುವುದು ಸೇರುತ್ತಿರಲಿಲ್ಲ. ಇವರಿಗೆ ಸೇರುತ್ತಿತ್ತು. ಎದುರು ಮಾತಾಡದವರ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದರು.

ತೀರಿಕೊಂಡವರ ಬಗ್ಗೆ ಒಳ್ಳೆಯದನ್ನಷ್ಟೇ ಹೇಳಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅವರೂ ಒಪ್ಪುತ್ತಿರಲಿಲ್ಲ. ಆದ್ದರಿಂದ ಇದನ್ನೂ ಹೇಳುತ್ತೇನೆ: ಅವರಿಗೆ ಸೋಲುವುದು ಬರುತ್ತಿರಲಿಲ್ಲ. ಹಾಜರಿ ಕರೆಯುವಾಗ ಯಾರದಾದರೂ ಹೆಸರು ತಪ್ಪಿ ಹೋದರೆ ಅದಕ್ಕೂ ಒಂದು ಸಮರ್ಥನೆ ಇರುತ್ತಿತ್ತು. ಇನ್ನೊಬ್ಬರು ಅಳುತ್ತಿದ್ದಾಗಲೂ ಮೊದಲು ವಿಷಯ ಏನು ಎಂದು ಕೇಳುತ್ತಿದ್ದರು. ಈ ಗುಣ ನನಗೂ ಬಂದಿದೆ. ಅದು ಅಂಟುವಂಥದ್ದು.

ಶನಿವಾರ ಮಧ್ಯಾಹ್ನ ಅವರ ತರಗತಿಗೆ ಎಲ್ಲರೂ ಮನೆಯಲ್ಲಿ ಮುಗಿದುಹೋದ ಒಂದೊಂದು ಟ್ಯೂಬು, ಬಾಟಲಿ, ಡಬ್ಬಿ ತರಬೇಕಿತ್ತು. ಮುಖಕ್ಕೆ ಹಚ್ಚುವ ಕ್ರೀಮು, ಪೌಡರು, ಕೈಕಾಲು ಒಡೆದರೆ ಹಚ್ಚುವ ಮುಲಾಮು, ಏನಾದರೂ ಸರಿ. ಅವುಗಳ ಮುಂಭಾಗಕ್ಕೆಲ್ಲ ಹಳೆಯ ಪೇಪರು ಅಂಟಿಸಿಬಿಡುತ್ತಿದ್ದರು. ಹೆಸರು, ಹೂವಿನ ಚಿತ್ರ, ನಟಿಯ ಮುಖ ಎಲ್ಲ ಮುಚ್ಚಿಹೋಗುತ್ತಿತ್ತು. ಉಳಿಯುತ್ತಿದ್ದದ್ದು ಹಿಂಬದಿಯ ಇರುವೆ ಸಾಲಿನಂಥ ಅಕ್ಷರ. ಇಬ್ಬಿಬ್ಬರನ್ನು ನಿಲ್ಲಿಸಿ, ಒಬ್ಬರ ಕೈಗೆ ಒಂದು ಟ್ಯೂಬು, ಇನ್ನೊಬ್ಬರ ಕೈಗೆ ಇನ್ನೊಂದು ಕೊಟ್ಟು, ಯಾವುದು ಮೇಲು ಎಂದು ವಾದ ಮಾಡಿಸುತ್ತಿದ್ದರು. ನಿಯಮ ಒಂದೇ. ಹಿಂಬದಿಯಲ್ಲಿ ಇಲ್ಲದ್ದನ್ನು ಬಾಯಿಂದ ಆಡುವ ಹಾಗಿಲ್ಲ.

“ಅಕ್ವಾ ಅಂದ್ರ ಏನ್ರಿ ಟೀಚರ್?” ಒಬ್ಬಳು ಕೇಳಿದ್ದಳು.

“ನೀರು ಕಣಮ್ಮಿ.”

“ನೀರಂದ್ರ... ನೀರಾ?”

“ನೀರಂದ್ರೆ ನೀರೇ. ಯಾವುದು ಜಾಸ್ತಿ ಐತೋ ಅದನ್ನ ಮೊದ್ಲು ಬರೀಬೇಕು ಅಂತ ಪದ್ಧತಿ. ನಿನ್ನ ಕೈಲಿರೋದ್ರಲ್ಲಿ ಮೊದ್ಲು ಏನೈತೆ? ಅವಳ ಕೈಲಿರೋದ್ರಲ್ಲಿ?”

ಎರಡರಲ್ಲೂ ನೀರೇ. ಆಮೇಲೆ ಗ್ಲಿಸರಿನ್. ಆಮೇಲೆ ಒಂದು ಮೇಣ.

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ, “ನಮ್ಮ ಓಣಿ ನಳದಾಗ ಬರಲಾರದ ನೀರು ಇದ್ರಾಗ ಬರತೈತಲ್ರಿ ಟೀಚರ್!”

ನಮ್ಮಮ್ಮ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಹೋಗುತ್ತಿದ್ದಳು. ಬಟ್ಟೆಯ ಬಣ್ಣ ಹತ್ತಿ ಬೆರಳೆಲ್ಲ ನೀಲಿ. ಅವಳು ಹಬ್ಬಕ್ಕೆಂದು ಆಸೆಪಟ್ಟು ಕೊಂಡಿದ್ದ ಒಂದು ಕ್ರೀಮಿನ ಟ್ಯೂಬನ್ನು ನಾನು ಒಯ್ದಿದ್ದೆ. ನನ್ನ ಸರದಿ ಬಂದಾಗ ಎದೆಯುಬ್ಬಿಸಿ, “ಇದ್ರಾಗ ಕೇಸರಿ ಐತ್ರಿ, ಬಾದಾಮಿ ಐತ್ರಿ” ಎಂದೆ.

“ಎಲ್ಲೈತೆ? ಬೆರಳಿಟ್ಟು ತೋರ್ಸು.”

ಬೆರಳು ಇಳಿಯುತ್ತ ಇಳಿಯುತ್ತ ಕೊನೆಯ ಸಾಲಿಗೆ ಬಂತು. ಸುವಾಸನೆಯ ಹೆಸರೂ ದಾಟಿದ ಮೇಲೆ ಬಾದಾಮಿ, ಅದರ ಹಿಂದೆ ಕೇಸರಿ. ತರಗತಿ ಗೊಳ್ಳೆಂದಿತು. ನನಗೆ ಅವಮಾನವಾಗಿ, ನಿಂತಲ್ಲೇ ಪಕ್ಷ ಬದಲಿಸಿದೆ. ಹಾಗಾದರೆ ಇದೆಲ್ಲ ಮೋಸ, ಈ ಉದ್ದುದ್ದ ಹೆಸರುಗಳೆಲ್ಲ ವಿಷ, ಮನೆಯಲ್ಲಿ ಅರೆದದ್ದೇ ಒಳ್ಳೆಯದು ಎಂದು ಶುರುಮಾಡಿದೆ.

“ನಿಲ್ಸು,” ಎಂದರು. “ಕೇಸರಿ ಕೊನೇಲಿದ್ರೆ ಅನುಮಾನ ಪಡು, ತೀರ್ಪು ಕೊಡ್ಬೇಡ. ಚೂರೇ ಇದ್ದು ಕೆಲಸ ಮಾಡೋವೂ ಇರ್ತವೆ. ಇನ್ನು ಉದ್ದ ಹೆಸರು. ಸಕ್ಕರೆಗೆ ರಸಾಯನಶಾಸ್ತ್ರದಲ್ಲಿರೋ ಹೆಸರು ಬರ್ಕೊಟ್ರೆ ನೀನು ನಾಳೆಯಿಂದ ಕಾಫಿ ಕುಡಿಯಲ್ಲ. ಇಲ್ಲಿ ನೋಡು, ಇದು ಕೆಡದಂಗೆ ಹಾಕಿರೋದು. ಇದಿಲ್ದಿದ್ರೆ ನಿಮ್ಮ ಬಚ್ಚಲಲ್ಲಿ ಡಬ್ಬೀಗೆ ಬೂಸ್ಲು ಹಿಡಿಯುತ್ತೆ. ಆ ಬೂಸ್ಲು ಮುಖಕ್ಕೆ ಹಚ್ಕೊಂಡು ನ್ಯಾಚುರಲ್ಲು ಅಂತ ಕೂತ್ಕೊ.”

ಅವರ ಒಂದು ಮಾತಿತ್ತು, ವರ್ಷಕ್ಕೆ ನೂರು ಸಲ ಹೇಳುತ್ತಿದ್ದರು: “ಡಬ್ಬಿಯ ಮುಂಬದಿ ವಾದ ಮಾಡುತ್ತೆ. ಹಿಂಬದಿ ಸಾಕ್ಷಿ ಹೇಳುತ್ತೆ. ಸಾಕ್ಷಿ ಇಲ್ಲದ್ದನ್ನ ನಾನು ಮೈಗೆ ಮುಟ್ಟಿಸೋಳಲ್ಲ.”

ದೆವ್ವಗಳಲ್ಲಿ ನನಗೆ ನಂಬಿಕೆಯಿಲ್ಲ. ಆ ಪಕ್ಷದಲ್ಲಿ ಯಾರಾದರೂ ವಾದಕ್ಕೆ ಬಂದರೆ ಸೋಲಿಸಬಲ್ಲೆ. ಆದರೆ ಅಂಗಡಿಯಲ್ಲಿ ನಿಂತು ಒಂದು ಟ್ಯೂಬು ತಿರುಗಿಸಿದರೆ, ನನ್ನ ಹೆಗಲ ಹಿಂದಿನಿಂದ ಇನ್ನೊಬ್ಬರೂ ಅದನ್ನು ಓದುತ್ತಿರುತ್ತಾರೆ. ನಾನು ಒಂದು ಸಾಲು ಬಿಟ್ಟು ಮುಂದೆ ಹೋದರೆ ಅವರು ಅಲ್ಲೇ ನಿಲ್ಲುತ್ತಾರೆ. ನಾನು ಹಿಂದಿರುಗಿ ಆ ಸಾಲು ಓದುವವರೆಗೂ ಕದಲುವುದಿಲ್ಲ.

ಅನಂತಪುರದಲ್ಲಿ ಕಾನೂನು ಓದಲು ಸೇರಿದ ಮೇಲೂ ರಜೆಗೆ ಬಂದಾಗೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಕೋಟೆ ಗುಡ್ಡದ ಕೆಳಗಿನ ಓಣಿ. ಗಂಡ ಮಾತು ಕಡಿಮೆಯ ಮನುಷ್ಯ, ನಮಸ್ಕಾರಕ್ಕೆ ತಲೆಯಾಡಿಸಿ ಪೇಪರು ಹಿಡಿಯುತ್ತಿದ್ದರು. ಮನೆ ತುಂಬ ಮಾತು ಎಂದರೆ ಅತ್ತೆಯದು. ಆ ಅಜ್ಜಿ ಅಪ್ಪಟ ರಾಯದುರ್ಗದವಳು, ನನ್ನನ್ನು ‘ವಕೀಲವ್ವ’ ಎಂದೇ ಕರೆಯುವುದು. ಸೊಸೆಯನ್ನು ಕಂಡರೆ ಜೀವ. ಹಿಂದೊಮ್ಮೆ ಯಾರೋ ಅರಿಶಿನ ಕುಂಕುಮಕ್ಕೆ ಕರೆದು ಸೊಸೆಯ ಕೈಗೆ ತಾಂಬೂಲವನ್ನು ದೂರದಿಂದ ಹಾಕಿದರೆಂದು, ಆ ಮನೆಯ ಬಾಗಿಲಿನಲ್ಲೇ ನಿಂತು ಓಣಿಗೆಲ್ಲ ಕೇಳುವ ಹಾಗೆ ಬೈದು ಬಂದಿದ್ದಳು.

ಒಂದು ಬೇಸಿಗೆ ರಜೆಯಲ್ಲಿ ನಾನು ಹೋದಾಗ ಆ ಮನೆಯಲ್ಲಿ ಜಗಳ ನಡೆದಿತ್ತು. ಟೀಚರ ಒಬ್ಬಳೇ ಮಗಳು ಡಿಗ್ರಿ ಮುಗಿಸಿದ್ದಳು. ಅವಳನ್ನು ನೋಡಲು ಮಡಕಶಿರದಿಂದ ಗಂಡಿನ ಕಡೆಯವರು ಬರುವವರಿದ್ದರು. ಅಜ್ಜಿ ನನ್ನನ್ನು ಕಂಡದ್ದೇ ಕೈಹಿಡಿದು ಎಳೆದುಕೊಂಡು ಹೋಗಿ ಕೂಡಿಸಿದಳು.

“ಬಾರವ್ವ ವಕೀಲವ್ವ, ನೀನಾರ ಹೇಳು. ಬಂದೋರು ಮೊದ್ಲ ಹುಡುಗಿ ಮುಖ ನೋಡ್ತಾರ, ಆಮ್ಯಾಲ ಹುಡುಗಿ ತಾಯಿ ಮುಖ ನೋಡ್ತಾರ. ಹೌದಿಲ್ಲೋ?”

ಮೇಜಿನ ಮೇಲೆ ಎರಡು ವಸ್ತುಗಳಿದ್ದವು. ಒಂದು, ಮಗಳು ಫೋನಿನಲ್ಲಿ ತರಿಸಿದ್ದ ಟ್ಯೂಬು. ಕಲೆಗಳ ಮೇಲೆ ಬಳಿದರೆ ಮೈಬಣ್ಣದಲ್ಲಿ ಮುಚ್ಚಿಹಾಕುವಂಥದ್ದು. ಇನ್ನೊಂದು, ಅಜ್ಜಿ ಯಾವುದೋ ಫ್ಯಾನ್ಸಿ ಸ್ಟೋರಿನಿಂದ ತಂದ ದುಂಡನೆಯ ಪುಟ್ಟ ಡಬ್ಬಿ. ಗುಲಾಬಿ ಬಣ್ಣದ ಮುಚ್ಚಳ, ಅದರ ಮೇಲೆ ಒಂದು ಹೂವು. ದಿನಾ ಹಚ್ಚಿದರೆ ಮುಖವೆಲ್ಲ ಒಂದೇ ಬಣ್ಣಕ್ಕೆ ಬರುತ್ತದೆ ಎಂದು ಅಂಗಡಿಯವನು ಹೇಳಿದ್ದನಂತೆ.

ಟೀಚರ್ ಎರಡನ್ನೂ ನನ್ನ ಕಡೆ ತಳ್ಳಿದರು. “ಓದಮ್ಮಿ. ಶನಿವಾರದ ಕ್ಲಾಸು ಅನ್ಕೊ.”

ಟ್ಯೂಬಿನ ಹಿಂದೆ ಎಲ್ಲ ಇತ್ತು. ನೀರು, ಸಿಲಿಕೋನು, ಟೈಟಾನಿಯಂ ಡೈಆಕ್ಸೈಡು, ಕಬ್ಬಿಣದ ಬಣ್ಣಗಳು, ತಯಾರಿಸಿದವರ ವಿಳಾಸ, ಯಾವಾಗ ಕೆಡುತ್ತದೆ ಎನ್ನುವುದು. ಡಬ್ಬಿಯನ್ನು ತಿರುಗಿಸಿದೆ. ತಳ ನುಣ್ಣಗಿತ್ತು.

“ಏನೂ ಬರ್ದಿಲ್ಲ ಅಜ್ಜಿ.”

“ಬರೀದಿದ್ರ ಏನಾತು? ಹಚ್ಚಿಕೊಂಡ್ರ ಮುಖ ಬೆಳ್ಳಗಾಗತೈತಿ, ಓದಿದ್ರ ಆಗತೈತೇನು?”

ಟೀಚರೂ ನಕ್ಕುಬಿಟ್ಟರು. ಆಮೇಲೆ ಟ್ಯೂಬನ್ನು ಎತ್ತಿಕೊಂಡು ಹೇಳಿದರು, “ಇದರ ಮೇಲೆ ನನಗೆ ಜಗಳ ಇಲ್ಲ. ಇದು ಮುಚ್ಚೋದು, ಸಂಜೆ ತೊಳೆದ್ರೆ ಹೋಗುತ್ತೆ. ಒಳಗೇನೈತೆ ಅಂತ ಹೇಳ್ಕೊಂಡೈತೆ. ಆ ಡಬ್ಬಿ ಏನೂ ಹೇಳ್ತಿಲ್ಲ. ಬೆಳ್ಳಗೆ ಮಾಡೋ ಅಂಥವುಗಳಲ್ಲಿ ಪಾದರಸ ಹಾಕ್ತಾರೆ, ಡಾಕ್ಟರು ಬರ್ಕೊಡೋ ಔಷಧಿನ ಹೇಳ್ದೆ ಕೇಳ್ದೆ ಬೆರೆಸ್ತಾರೆ. ಇದ್ರಲ್ಲಿ ಐತೆ ಅನ್ನಲ್ಲ. ಇಲ್ಲ ಅನ್ನೋಕೂ ಆಗಲ್ಲ.”

“ಹಂಗಾದ್ರ ಟ್ಯೂಬಾರ ಹಚ್ಚಿಕೊ ಅಮ್ಮ,” ಎಂದಳು ಮಗಳು. “ಒಂದ್ ದಿನ. ನನ್ನ ಸಲುವಾಗಿ.”

“ಒಂದು ದಿನ ಹಚ್ಕೊಂಡ್ರೆ ಮದುವೆ ದಿನಾನೂ ಹಚ್ಕೋಬೇಕು. ನಿನ್ನ ಬಾಣಂತನಕ್ಕೆ ಅವರು ಬಂದಾಗಲೂ ಹಚ್ಕೋಬೇಕು. ಮೊಮ್ಮಗೂನ ಎತ್ಕೊಳ್ಳೋಕೆ ಮುಂಚೆ ಬಳ್ಕೊಂಡು ಕೂರ್ಬೇಕಾ ನಾನು? ಬರೋರು ನೋಡ್ಲಿ. ನೋಡಿ ಒಪ್ಪೋರು ಬರ್ಲಿ.”

ಅದು ಒಳ್ಳೆಯ ವಾದ. ಇವತ್ತಿಗೂ ಅದರಲ್ಲಿ ನನಗೆ ಬಿರುಕು ಕಾಣುವುದಿಲ್ಲ. ಆದರೆ ಅದನ್ನು ಕೇಳುತ್ತ ಮಗಳು ಟ್ಯೂಬಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಆ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

ಗಂಡಿನ ಕಡೆಯವರು ಬಂದರು. ಮಗಳು ಕೊಟ್ಟ ಕಾಫಿ ಕುಡಿದರು. ಟೀಚರ್ ತಾವೇ ಬಡಿಸಿದ ಕೇಸರಿಬಾತು ತಟ್ಟೆಯಲ್ಲೇ ಉಳಿಯಿತು. ಜಾತಕ ಕೂಡಲಿಲ್ಲ ಎಂದು ಫೋನು ಬಂತು. ಇನ್ನೊಂದು ಕಡೆಯವರು ಬಂದರು, ಅವರು ಮುಖಕ್ಕೇ ಕೇಳಿದರು, ಇದು ಮಕ್ಕಳಿಗೂ ಬರುತ್ತದೆಯೇ ಎಂದು. ಟೀಚರ್ ಪಾಠ ಮಾಡುವ ಹಾಗೆ ಉತ್ತರ ಕೊಟ್ಟರಂತೆ: ಕೆಲವು ಮನೆತನಗಳಲ್ಲಿ ಬರಬಹುದು, ಹೆಚ್ಚಿನವರಿಗೆ ಬರುವುದಿಲ್ಲ, ಬಂದರೂ ಚರ್ಮದ ಬಣ್ಣ ಬಿಟ್ಟು ಬೇರೇನೂ ಕೆಡುವುದಿಲ್ಲ. ‘ಬರಬಹುದು’ ಎಂಬ ಮಾತಿಗೇ ಅವರು ಎದ್ದರು. ಅವರನ್ನು ಕಳಿಸಿ ಬಾಗಿಲು ಹಾಕಿಕೊಂಡ ಮೇಲೆ ಮಗಳು ಅಳಲಿಲ್ಲ, ಕೂಗಾಡಲಿಲ್ಲ. “ನೀನು ಗೆದ್ದಿ ಅಮ್ಮ,” ಎಂದಷ್ಟೇ ಹೇಳಿದಳಂತೆ. ಇದನ್ನು ನನಗೆ ಹೇಳಿದವಳು ಮಗಳೇ, ಎಷ್ಟೋ ದಿನದ ಮೇಲೆ, ಅನಂತಪುರದ ಆಸ್ಪತ್ರೆಯ ಹೊರಗೆ ನಿಂತು.

ದಸರಾ ರಜೆಗೆ ನಾನು ಮತ್ತೆ ಹೋದಾಗ ಬಾಗಿಲು ತೆರೆದವರ ಗುರುತು ಒಂದು ಕ್ಷಣ ಸಿಗಲಿಲ್ಲ. ಕಣ್ಣಿನ ಸುತ್ತಲಿನ ಉಂಗುರಗಳಿಲ್ಲ. ಬಾಯಿಯ ಮೂಲೆಯ ಎಲೆ ಇಲ್ಲ. ಬಿಳಿ ಹೋಗಿರಲಿಲ್ಲ ಎನ್ನುವುದು ಹತ್ತಿರ ಕುಳಿತ ಮೇಲೆ ತಿಳಿಯಿತು. ಉಳಿದ ಮುಖವೆಲ್ಲ ಬಿಳಿಯ ಕಡೆ ಸರಿದು ಬಂದು ಅದನ್ನು ನುಂಗಿತ್ತು. ಚರ್ಮ ತೆಳ್ಳಗೆ ಮಿರುಗುತ್ತಿತ್ತು, ಒದ್ದೆ ಕಾಗದದ ಹಾಗೆ. ಕೈಗಳು ಮಾತ್ರ ಹಳೆಯ ಕೈಗಳೇ. ಆ ಕೈಗಳು ಬೇರೆ ಯಾರದೋ ಮುಖದ ಕೆಳಗೆ ಕುಳಿತು ನನಗೆ ಒಗ್ಗರಣೆ ಮಂಡಕ್ಕಿಯ ತಟ್ಟೆ ಕೊಟ್ಟವು.

ನಾನು ಸುಮ್ಮನಿರುವವಳಲ್ಲ. ಕೇಳಿಯೇಬಿಟ್ಟೆ. “ಟೀಚರ್, ಅದರ ಹಿಂದ ಏನ್ ಬರ್ದಾರ್ರಿ?”

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ, ವಾದಕ್ಕಾದರೂ ಬರುತ್ತಾರೆ ಅಂದುಕೊಂಡೆ.

“ಏನೂ ಬರ್ದಿಲ್ಲ ಕಣಮ್ಮಿ,” ಎಂದರು. “ಗೊತ್ತು ನಂಗೆ.”

ಅಷ್ಟೇ. ಅವರೊಡನೆ ಮಾತು ಅಷ್ಟಕ್ಕೇ ಮುಗಿದದ್ದು ಅದೇ ಮೊದಲು. ಒಳಗಿನಿಂದ ಅಜ್ಜಿ ಕೂಗಿ ಹೇಳಿದಳು, “ನೋಡಿದೇನ ವಕೀಲವ್ವ, ನನ್ನ ಸೊಸಿ ಮುಖ? ಮೂರನೇ ಡಬ್ಬಿ!”

ಟ್ಯೂಬು ಬೇಡವೆಂದವರು ಡಬ್ಬಿಗೆ ಯಾಕೆ ಹೋದರು? ಟ್ಯೂಬಿನಿಂದ ಮುಚ್ಚಿಕೊಂಡರೆ ಅದು ಸುಳ್ಳು, ಅದು ಅವರಿಂದಾಗದು. ನಿಜವಾಗಿ ಬದಲಾದ ಮುಖ ಸುಳ್ಳಲ್ಲ. ಮಗಳಿಗಾಗಿ ಸೋಲಬೇಕಾಗಿ ಬಂದಾಗಲೂ ಸುಳ್ಳಾಡದೆ ಸೋಲುವ ದಾರಿ ಹುಡುಕಿದರು. ಇದು ನನ್ನ ಊಹೆ, ಸಾಕ್ಷಿಯಿಲ್ಲ.

ಕೊನೆಗೆ ಮಡಕಶಿರದ್ದೇ ಬೇರೊಂದು ಮನೆಯವರು ಒಪ್ಪಿದರು. ರೇಷ್ಮೆಗೂಡಿನ ವ್ಯಾಪಾರದ ಮನೆ. ಟೀಚರು ಕೈಗಳ ಬಗ್ಗೆ ಮುಂಚೆಯೇ ಹೇಳಿದ್ದರಂತೆ. ಕೈ ತಾನೇ, ಮುಖಕ್ಕೇನೂ ಇಲ್ಲವಲ್ಲ ಎಂದರಂತೆ ಅವರು. ಮದುವೆಯ ಫೋಟೋಗಳಲ್ಲಿ ಆ ಒಂದೇ ಬಣ್ಣದ ಹೆಂಗಸು ಎಲ್ಲ ಕಡೆ ಇದ್ದಾಳೆ. ನಾನು ಆ ಆಲ್ಬಮ್ಮನ್ನು ಪೂರ್ತಿ ನೋಡಲಾರೆ.

ಮದುವೆಯಾಗಿ ಕೆಲವು ತಿಂಗಳಿಗೆ ಟೀಚರ ಕಾಲು ಊದಿಕೊಳ್ಳತೊಡಗಿತು. ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಊದಿರುತ್ತಿತ್ತು. ಮೂತ್ರಪಿಂಡ ಎಂದರು. ಅನಂತಪುರದ ಆಸ್ಪತ್ರೆಗೆ ಸೇರಿಸಿದ್ದರಿಂದ ನಾನು ಕಾಲೇಜು ಮುಗಿಸಿ ದಿನಾ ಹೋಗಿ ಕೂರುತ್ತಿದ್ದೆ. ಏನಾದರೂ ಹಚ್ಚಿಕೊಳ್ಳುತ್ತಿದ್ದಿರಾ ಎಂದು ಡಾಕ್ಟರು ಕೇಳಿದಾಗ ಅವರೇ ಎಲ್ಲ ಹೇಳಿದರು. ಆ ಡಬ್ಬಿ ತನ್ನಿ, ಪರೀಕ್ಷೆಗೆ ಕಳಿಸೋಣ ಎಂದರು ಡಾಕ್ಟರು. ಆದರೆ ಮದುವೆ ಮುಗಿದ ವಾರವೇ ಟೀಚರು ಹಚ್ಚುವುದು ನಿಲ್ಲಿಸಿದ್ದರು. ಡಬ್ಬಿ ಎಂದೋ ಕಸಕ್ಕೆ ಹೋಗಿತ್ತು. ಅಜ್ಜಿ ತಂದಿದ್ದ ಫ್ಯಾನ್ಸಿ ಸ್ಟೋರಿಗೆ ನಾನೇ ಹೋಗಿ ಕೇಳಿದೆ. ಅಂಥದ್ದನ್ನು ನಾವು ಇಟ್ಟೇ ಇಲ್ಲ ಎಂದರು.

ಹಾಸಿಗೆಯಲ್ಲಿ ಅವರ ಹಳೆಯ ಮುಖ ಸ್ವಲ್ಪಸ್ವಲ್ಪವಾಗಿ ಹಿಂದಿರುಗಿತ್ತು. ಮೊದಲು ಹಣೆಗೆ ಕಂದು ಬಂತು, ಆಮೇಲೆ ಕೆನ್ನೆಗೆ. ನಡುವೆ ಉಂಗುರಗಳು ಎದ್ದು ಕಂಡವು, ಎಲೆ ಕಂಡಿತು. “ನನ್ನ ಮುಖ ವಾಪಸ್ ಬಂತು ನೋಡು,” ಎಂದು ನಕ್ಕರು. ಎಲೆ ಕೆನ್ನೆಗೆ ಸರಿಯಿತು.

ಒಂದು ಮಧ್ಯಾಹ್ನ ಅಜ್ಜಿ ಗಂಜಿ ತರಲು ಹೊರಗೆ ಹೋಗಿದ್ದಾಗ ಅವರೇ ಆ ಮಾತು ತೆಗೆದರು.

“ಕ್ರೀಮಿಂದಾನೇ ಅಂತೀಯ?”

“ಹೌದ್ರಿ.”

“ಸಾಕ್ಷಿ?”

ನಾನು ಬಾಯಿ ತೆರೆದೆ. “ಅದನ್ನ ಹಚ್ಚಿಕೊಂಡ ಮ್ಯಾಲೇ ತಾನ್ರಿ...”

“ಆದ್ಮೇಲೆ ಆಯ್ತು ಅಂದ್ರೆ ಅದ್ರಿಂದ ಆಯ್ತು ಅಂತಲ್ಲ. ನನಗೆ ಬಿ.ಪಿ. ಮುಂಚಿನಿಂದ ಇತ್ತು. ಡಬ್ಬಿ ಇಲ್ಲ. ಪರೀಕ್ಷೆ ಆಗಿಲ್ಲ. ಏನ್ ಹೇಳ್ತೀಯ?”

“...ಗೊತ್ತಿಲ್ರಿ.”

“ಗೊತ್ತಿಲ್ಲದ್ದನ್ನ ಹೇಳ್ಬೇಡ. ನಮ್ಮತ್ತೆ ಮುಂದಂತೂ ಹೇಳ್ಲೇಬೇಡ. ಅವರು ಪ್ರೀತಿಯಿಂದ ತಂದ್ರು. ನೀನು ಹೇಳಿದ್ರೆ ನಂಬ್ತಾರೆ, ವಕೀಲವ್ವ ಹೇಳಿದ್ಲು ಅಂತ. ನಂಬಿದ್ಮೇಲೆ ಬದುಕಲ್ಲ ಅವರು.”

ಅಂದಿನಿಂದ ನನ್ನ ತಲೆಯೊಳಗೆ ಒಂದು ಚರ್ಚೆ ನಡೆಯುತ್ತಲೇ ಇದೆ. ಎರಡೂ ಪಕ್ಷ ನಾನೇ. ಒಂದು ಪಕ್ಷ ಏಳುತ್ತದೆ: ಒದ್ದೆ ಕಾಗದದಂಥ ಆ ಮುಖ, ಊದಿದ ಆ ಕಾಲು, ಇನ್ನೇನು ಬೇಕು? ಇನ್ನೊಂದು ಪಕ್ಷ, ಅವರ ದನಿಯಲ್ಲಿ, ಬೆರಳಿಟ್ಟು ತೋರ್ಸು ಎನ್ನುತ್ತದೆ. ತೋರಿಸಲು ನನ್ನಲ್ಲಿ ಇರುವುದು ನುಣ್ಣನೆಯ ಒಂದು ತಳ. ತೀರ್ಪುಗಾರರ ಕುರ್ಚಿ ಖಾಲಿ. ಅಲ್ಲಿ ಕೂರುತ್ತಿದ್ದವರು ಅವರು.

ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡರು. ಗಂಡನಿರುವಾಗಲೇ ಹೋದವರೆಂದು ಮುತ್ತೈದೆಯ ಶಾಸ್ತ್ರವೆಲ್ಲ ಆಗಬೇಕಿತ್ತು. ರಾಯದುರ್ಗದ ಆ ಮನೆಯಂಗಳದಲ್ಲಿ ಮೈ ತೊಳೆಸಿ, ಹೊಸ ಸೀರೆ ಉಡಿಸಿ ಕೂಡಿಸಿದ್ದರು. ಓಣಿಯವರಿದ್ದರು, ಅಮರಾಪುರದ ತವರಿನವರಿದ್ದರು. ಮಡಕಶಿರದಿಂದ ಬಂದ ಬೀಗರು ಒಂದು ಪಕ್ಕಕ್ಕೆ ನಿಂತಿದ್ದರು. ಆ ಮುಖವನ್ನು ಅವರು ಹಾಗೆ ನೋಡುತ್ತಿದ್ದದ್ದು ಅದೇ ಮೊದಲು. ಬೀಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಕ್ಕದವರಿಗೆ ಏನೋ ಹೇಳಿದಳು.

ಅದು ಅಜ್ಜಿಗೆ ಕಂಡಿತು. ಅಜ್ಜಿ ಅರಿಶಿನದ ಬಟ್ಟಲು ಹಿಡಿದು ಸೊಸೆಯ ಮುಂದೆ ಕುಳಿತಳು. ಗಲ್ಲಕ್ಕೆ ಹಚ್ಚುವುದಷ್ಟೇ ಶಾಸ್ತ್ರ. ಅವಳು ಗಲ್ಲಕ್ಕೆ ನಿಲ್ಲಿಸಲಿಲ್ಲ. ಹಣೆ, ಕಣ್ಣಿನ ಸುತ್ತ, ಬಾಯಿಯ ಮೂಲೆ, ದಪ್ಪಗೆ, ಮತ್ತೆ ಮತ್ತೆ, ಮುಖವೆಲ್ಲ ಒಂದೇ ಹಳದಿಯಾಗುವವರೆಗೆ ಹಚ್ಚಿದಳು. ಹಚ್ಚುತ್ತ ನನ್ನ ಕಡೆ ತಿರುಗಿ, “ನೋಡವ್ವ, ನನ್ನ ಸೊಸಿ ಎಷ್ಟ್ ಚೆಂದ ಕಾಣ್ತಾಳ,” ಎಂದಳು. ಅತ್ತೆಯ ಮುಂದೆ ಹೇಳಬೇಡ ಎಂದು ಟೀಚರ್ ತಡೆದಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದರೆ ಅದೇ ಹೊರಗೆ ಬರುತ್ತದೆಂದು ಹಲ್ಲು ಕಚ್ಚಿ ನಿಂತೆ.

ಆಗ ಮಗಳು ಎದ್ದು ಬಂದಳು. ಬಿಂದಿಗೆಯ ನೀರಿನಲ್ಲಿ ತನ್ನ ಸೆರಗಿನ ತುದಿ ಅದ್ದಿ, ಅತ್ತೆ ಮಾವ ನೋಡುತ್ತಿರುವ ಹಾಗೆಯೇ, ತಾಯಿಯ ಮುಖ ಒರೆಸತೊಡಗಿದಳು. “ಏ, ಏನ್ ಮಾಡ್ತೀ, ತೆಗೀಬಾರದವ್ವ,” ಎಂದು ಅಜ್ಜಿ ಕೈಹಿಡಿದಳು. “ಸಾಕು ಬಿಡಜ್ಜಿ,” ಎಂದಳು ಮಗಳು. ಬಿಡಿಸಿಕೊಂಡು ಒರೆಸಿದಳು.

ಕಂದು ಚರ್ಮದ ಮೇಲಿನ ಅರಿಶಿನ ಒಂದು ಸಲ ಒರೆಸಿದ್ದಕ್ಕೇ ಹೋಯಿತು. ಬಿಳಿ ಇದ್ದಲ್ಲಿ ಮಾತ್ರ ಹೋಗಲಿಲ್ಲ. ಅಲ್ಲಿ ಅದು ಚರ್ಮಕ್ಕೆ ಹತ್ತಿಬಿಟ್ಟಿತ್ತು. ಮಗಳು ಒರೆಸಿದಷ್ಟೂ ಎರಡು ಕಣ್ಣಿನ ಸುತ್ತ ಎರಡು ಹಳದಿ ಉಂಗುರ, ಬಾಯಿಯ ಎಡ ಮೂಲೆಯಲ್ಲಿ ಒಂದು ಹಳದಿ ಎಲೆ, ಎಂದೂ ಇಲ್ಲದಷ್ಟು ಸ್ಪಷ್ಟವಾಗಿ, ಅಂಗಳದ ಬಿಸಿಲಿನಲ್ಲಿ, ಅಷ್ಟು ಜನರ ಮುಂದೆ ಎದ್ದು ಬಂದವು.

ಎಲ್ಲರೂ ನೋಡಿದರು.